ನೂರು ವೋಲ್ಟಿನ ಅತಿಥಿ

ಅಪ್ಪ ಅದನ್ನು ಯೊಕೊಹಾಮಾದಿಂದ ತಂದ,
ಎರಡು ಉಣ್ಣೆಯಂಗಿಗಳ ನಡುವೆ ಮಲಗಿಸಿ.
ಗ್ದಿನ್ಯಾ ಬಂದರಿನಲ್ಲಿ ಸುಂಕದವನ ಮುಂದೆ
ಸುಖದುಃಖ ಹೇಳಿಕೊಳ್ಳಲಿಲ್ಲ,
ಎರಡು ಪ್ಯಾಕು ಸಿಗರೇಟು ಇಟ್ಟ, ನಡೆದ.

ಅದರ ಪ್ಲಗ್ಗಿಗೆ ಎರಡು ಚಪ್ಪಟೆ ಹಲ್ಲು,
ನಮ್ಮ ಗೋಡೆಗೆ ಎರಡು ದುಂಡು ಕಣ್ಣು.
ಕೂಡಿಬರುವ ಸಂಬಂಧವಲ್ಲವೆಂದು
ಅಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು.
"ನೂರು ವೋಲ್ಟು ಕುಡಿದು ಬೆಳೆದ ಕೂಸು ಇದು,
ಇನ್ನೂರಿಪ್ಪತ್ತು ಕುಡಿಸಿದಿರೋ, ಮುಗಿಯಿತು"
ಅಂದ ರೇಡಿಯೊ ರಿಪೇರಿಯ ವಾಲೆಂಟಿ.
ಹಲಗೆ ತುಂಡಿನ ಮೇಲೆ ತಾಮ್ರದ ತಂತಿ ಸುತ್ತಿ
ಇಟ್ಟಿಗೆಯಷ್ಟು ತೂಕದ ದುಭಾಷಿಯೊಂದನ್ನು
ಮಾಡಿಕೊಟ್ಟ. ಅದು ಗುಂಯ್ ಅನ್ನುತ್ತಲೇ ಇರುತ್ತಿತ್ತು.
ನಮ್ಮ ಬೆಕ್ಕು ಅದರ ಮೇಲೇ ಮಲಗುವುದು ಕಲಿಯಿತು,
ಬೆಚ್ಚಗಿತ್ತಲ್ಲ.

ಇನ್ನು ಟೀವಿ. ಸೋವಿಯತ್ ಕಾಲದ್ದು,
ಇಬ್ಬರು ಹಿಡಿದು ಎತ್ತಬೇಕಾದದ್ದು.
ಚಿತ್ರ ಬಂತು, ಬಂದದ್ದೇ ಮೇಲೇರತೊಡಗಿತು,
ಬಾವಿಯಿಂದ ಯಾರೋ ಬಿಡದೆ ಸೇದುತ್ತಿರುವಂತೆ.
ಅಪ್ಪ ಬೆನ್ನ ಹಿಂದೆ ಸ್ಕ್ರೂಡ್ರೈವರ್ ತೂರಿಸಿದ.
"ಇನ್ನಷ್ಟು. ಇನ್ನೊಂಚೂರು. ಅಯ್ಯೋ, ಹೋಯ್ತು.
ಹಾ, ನಿಲ್ಲು, ಉಸಿರಾಡಬೇಡ."
ನಿಂತಿತು.
ಬಣ್ಣ ಮಾತ್ರ ಇರಲಿಲ್ಲ.
"ಅಲ್ಲಿ ಬಣ್ಣವನ್ನು ಬೇರೆ ಥರ ಹೇಳ್ತಾರೆ," ಅಂದ ವಾಲೆಂಟಿ,
"ಈ ಪೆಟ್ಟಿಗೆಗೆ ಆ ಮಾತು ತಿಳಿಯೋದಿಲ್ಲ.
ಬಣ್ಣ ಬರ್ತಾ ಇದೆ, ತಂತಿ ತುಂಬ ಇದೆ,
ಕೇಳಿಸ್ಕೊಳ್ಳೋರಿಲ್ಲ."

ವೀರನ ಟೊಪ್ಪಿ ಕೆಂಪು ಅಂದೆ ನಾನು.
ತಮ್ಮ ಟಿಮೋನ್ ನೀಲಿ ಅಂದ. ಕೂದಲು ಹಿಡಿದು ಜಗಳವಾಯಿತು.
ಅಂಗಡಿಯಲ್ಲಿ ಕಣ್ಣಾರೆ ಕಂಡ ಅಪ್ಪನನ್ನು ಕೇಳಿದರೆ
"ನಾನು ಬೆಲೆ ನೋಡ್ತಿದ್ದೆ" ಅಂದ.

ಅಕ್ಷರಗಳಂತೂ ಒಂದೂ ತಿಳಿಯದು.
ಗೊತ್ತಿಲ್ಲದ ಊರಿನಲ್ಲಿ ಓಣಿ ಗುರುತಿಟ್ಟುಕೊಳ್ಳುವಂತೆ ಕಲಿತೆವು:
ಕೊಡೆ ಹಿಡಿದ ಮನುಷ್ಯನಂಥದ್ದು, ಹೌದು.
ಮುಕ್ಕಾಲಿಯಂಥದ್ದು, ಬೇಡ.
ಮುರಿದ ಏಣಿಯಂಥದ್ದನ್ನು ಮಾತ್ರ
ಸತ್ತರೂ ಮುಟ್ಟಬಾರದು.
ಒಂದು ಭಾನುವಾರ ಟಿಮೋನ್ ಮುಟ್ಟಿದ.
ಐದು ವಾರದ ದಾರಿ, ಎರಡು ಕತ್ತಿ, ಒಂದು ಕುದುರೆ
ಉಫ್ ಅಂದಷ್ಟರಲ್ಲಿ ಇರಲಿಲ್ಲ.
ಅವನು ಅಳಲಿಲ್ಲ. ಮೇಜಿನ ಕೆಳಗೆ ಹೋಗಿ ಕೂತು
ಬರಿ ಬ್ರೆಡ್ಡು ತಿಂದ.

ಮತ್ತೆ ಮೊದಲಿನಿಂದ ಹೊರಟು, ಫೆಬ್ರವರಿಯ ಹೊತ್ತಿಗೆ
ಆ ಬಿಳಿಯ ಬಯಲಿಗೆ ಬಂದೆವು.
ಎತ್ತ ನೋಡಿದರೂ ಹಿಮ.
ಕಿಟಕಿಯಾಚೆಯೂ ಅದೇ, ಕಡಲಂಚು ಗಟ್ಟಿಯಾಗಿತ್ತು,
ಹೀಟರಿಗೆ ಆ ವಾರ ಜೀವವಿರಲಿಲ್ಲ.
ವೀರ ಕುಗ್ಗಿ ನಡೆಯುತ್ತಿದ್ದ, ಪಾಪ, ಚಳಿ ಅಂದುಕೊಂಡೆವು.
ಆಗಾಗ ನಿಂತು ಮಡಕೆಯಿಂದ ಏನೋ ಕುಡಿಯುತ್ತಿದ್ದ,
ಬಿಸಿ ಸೂಪು ಅಂದುಕೊಂಡೆವು.
ಮೇಲೆ ಚಂದ್ರ.
ಟಿಮೋನ್ ಹೆಬ್ಬೆರಳು ಕತ್ತರಿಸಿದ ಕೈಚೀಲ ತೊಟ್ಟು
ಆ ಬಯಲನ್ನು ಹನ್ನೊಂದು ರಾತ್ರಿ ನಡೆದ.

ಮೊನ್ನೆ ಪೋಜ್ನಾನ್‌ನಲ್ಲಿ, ಹಳೆಯ ಯಂತ್ರಗಳ ಪ್ರದರ್ಶನ.
ಅದೇ ಆಟ, ಬಣ್ಣ ಬಲ್ಲ ಪರದೆ.
ಟೊಪ್ಪಿ ಕೆಂಪೂ ಅಲ್ಲ ನೀಲಿಯೂ ಅಲ್ಲ, ಬದನೆಕಾಯಿ ಬಣ್ಣ.
ಹೋಗಲಿ.
ಆದರೆ ಆ ಬಯಲು
ಹಳದಿ.
ಮರಳು, ದಿಗಂತದವರೆಗೂ ಕಾದ ಮರಳು.
ಚಂದ್ರ ಅಂದುಕೊಂಡದ್ದು ನಡು ಮಧ್ಯಾಹ್ನದ ಸೂರ್ಯ.
ಅವನು ಕುಡಿಯುತ್ತಿದ್ದದ್ದು ನೀರು.

ನನ್ನ ಹಿಂದೆ ಒಂದು ಮಗು ತನ್ನ ಸರದಿಗೆ ಕಾಯುತ್ತಿತ್ತು.
ಕೊಟ್ಟು ಹೊರಗೆ ಬಂದೆ, ಟಿಮೋನನಿಗೆ ಫೋನು ಮಾಡಿದೆ.
ಅವನೂ ಈಗ ಹಡಗಿನವನು, ಬೆರ್ಗನ್ನಿನ ಹತ್ತಿರವೆಲ್ಲೋ.
ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು
ಎಂಜಿನ್ನಿನ ಗುಂಯ್ ಮಾತ್ರ.
ಆಮೇಲೆ ಅಂದ:
"ಮರಳಾದರೆ ಮರಳು.
ಈ ಎಡಗೈ ಹೆಬ್ಬೆರಳು, ನೋಡು,
ಈಗಲೂ ಚಳಿಗೆ ಎಲ್ಲಕ್ಕಿಂತ ಮೊದಲು ನೋಯತ್ತೆ."